ಒಂದು ವಾರ ಮೊದಲೇ ಬರುವ ಬಾಗಿಲಕ್ಕ

ಚಳಿಗಾಲ ಮುಗಿಯುತ್ತ ಬಂದಿದೆ. ಆದರೆ ಬೆಳಗಿನ ಐದು ಗಂಟೆಗೆ ಕೆರೆಯ ಪಕ್ಕದ ಉದ್ಯಾನದ ಮುಂದೆ ನಿಂತವರಿಗೆ ಹಾಗನ್ನಿಸುವುದಿಲ್ಲ. ಭಾನುವಾರ. ಬೀದಿದೀಪ ಇನ್ನೂ ಆರಿಲ್ಲ. ಮೊದಲ ಬಸ್ಸಿನಿಂದ ಇಳಿದ ನಾಲ್ಕೈದು ಜನ ತಲೆಗೆ ಕಿವಿಗೆ ಬಟ್ಟೆ ಸುತ್ತಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೊರಟುಹೋಗುತ್ತಾರೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮಾತ್ರ ಅಲ್ಲೇ ಉಳಿಯುತ್ತಾರೆ. ಶಾಲು ಹೆಗಲ ಮೇಲಿದೆ, ಕಿವಿ ಬರಿದಾಗಿವೆ. ಈ ಚಳಿಯಲ್ಲೂ ಅವರಿಗೆ ಕಿವಿಯ ಕೆಲಸವಿದೆ.

ಬಸ್ ನಿಲ್ದಾಣದಿಂದ ಉದ್ಯಾನದ ಚಿಕ್ಕ ಗೇಟಿನವರೆಗೆ ನಡೆಯುತ್ತಾರೆ. ತಿರುಗಿ ನಿಲ್ದಾಣಕ್ಕೆ ಬಂದು ಮತ್ತೆ ಅದೇ ದಾರಿ ಹಿಡಿಯುತ್ತಾರೆ. ಮಧ್ಯೆ ಒಂದು ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತು ತಲೆಯೆತ್ತಿ ಕೇಳುತ್ತಾರೆ. ಗೋಡೆ ಎಲ್ಲಿ ಮುಗಿದು ಕಬ್ಬಿಣದ ಬೇಲಿ ಎಲ್ಲಿ ಶುರುವಾಗುತ್ತದೆ ಎಂದು ಕೈಯಿಂದ ತಡವುತ್ತಾರೆ. ಮೂರನೆಯ ಸುತ್ತಿಗೆ ಒಳಗಿದ್ದ ಕಾವಲುಗಾರನಿಗೆ ತಡೆಯಲಾಗುವುದಿಲ್ಲ.

"ಏನಕ್ಕಾ, ಏನಾದ್ರೂ ಬೀಳಿಸ್ಕೊಂಡ್ರಾ?"

"ಇಲ್ಲಪ್ಪ. ಮುಂದಿನ ಭಾನುವಾರ ಇಷ್ಟು ಹೊತ್ತಿಗೆ ಈ ಗೇಟು ತೆಗೆದಿರತ್ತಾ?"

"ಮುಂದಿನ ಭಾನುವಾರದ್ದು ಕೇಳೋಕೆ ಈ ಭಾನುವಾರ ಬಂದ್ರಾ? ಒಂದು ಫೋನ್ ಮಾಡಿದ್ರೆ ಆಗ್ತಿರಲಿಲ್ವಾ?"

"ಫೋನಲ್ಲಿ ಕೇಳಿದ್ರೆ ತೆಗೆದಿರತ್ತೆ ಅಂತೀರಿ. ಈಗ ನೋಡಿ, ಬೀಗ ಹಾಕಿದೆ."

ಕಾವಲುಗಾರ ಒಮ್ಮೆ ಬೀಗವನ್ನು ನೋಡುತ್ತಾನೆ, ಒಮ್ಮೆ ಅವರನ್ನು ನೋಡುತ್ತಾನೆ. "ಓಹೋ. ಬಾಗಿಲಕ್ಕ ಅಂದ್ರೆ ನೀವೇನಾ?"

ಆ ಹೆಸರು ಅವರಿಗೆ ಕಾರ್ಯಕ್ರಮ ನಡೆಸುವವರು ಇಟ್ಟದ್ದು. ಊರಿಗೊಂದು ಆನ್‌ಲೈನ್ ಕ್ಯಾಲೆಂಡರ್ ಇದೆ. ಎಲ್ಲಿ ಸಂಗೀತ, ಎಲ್ಲಿ ಚದುರಂಗದ ಪಂದ್ಯ, ಎಲ್ಲಿ ಚಿತ್ರಪ್ರದರ್ಶನ, ಎಲ್ಲಿ ರಕ್ತದಾನ ಎಂಬುದನ್ನು ಜನ ಫೋನಿನಲ್ಲೇ ನೋಡಿಕೊಂಡು ಹೊರಡುತ್ತಾರೆ. ಆದರೆ ಅದನ್ನು ಬರೆಯುವವರು ಯಾರು ಎಂದು ಯಾರೂ ಕೇಳಿದವರಲ್ಲ. ಗ್ರಂಥಾಲಯದ ಹಿಂಬದಿಯ ಒಂದು ಕೋಣೆಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಫೋನು ಇಟ್ಟುಕೊಂಡು ಕೂತಿರುವ ಈ ಅಕ್ಕನೇ ಬರೆಯುವವರು. ಕಾರ್ಯಕ್ರಮ ನಡೆಸುವವರು ಯಾರೇ ಆಗಲಿ, ಅವರಿಗೆ ಅಕ್ಕನಿಂದ ಒಂದು ಫೋನು ಹೋಗುತ್ತದೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಬಾಗಿಲು?"

ಕೇಳಿಸಿಕೊಂಡವರು ಮೊದಮೊದಲು ಗಲಿಬಿಲಿಗೊಳ್ಳುತ್ತಾರೆ. ಸಭಾಂಗಣಕ್ಕೆ ಬಾಗಿಲೆಂದರೆ ಬಾಗಿಲು. ಆದರೆ ಮುಂಬಾಗಿಲಿಗೆ ಮೆಟ್ಟಿಲಿರುತ್ತವೆ, ಪಕ್ಕದ ಬಾಗಿಲಿಗೆ ಇಳಿಜಾರು ಇರುತ್ತದೆ, ಆ ಪಕ್ಕದ ಬಾಗಿಲ ಕೀಲಿ ಯಾರ ಜೇಬಿನಲ್ಲೋ ಇರುತ್ತದೆ. ಮುಂದಿನ ಪ್ರಶ್ನೆ, "ಎಷ್ಟಕ್ಕೆ ಮುಗಿಯತ್ತೆ?" ಇದಕ್ಕೆ ಸಂಘಟಕರು ಇನ್ನೂ ತಡವರಿಸುತ್ತಾರೆ. ಶುರುವಾಗುವ ಹೊತ್ತನ್ನು ಎಲ್ಲರೂ ಬರೆದು ಕಳಿಸುತ್ತಾರೆ, ಮುಗಿಯುವ ಹೊತ್ತು ಬರೆಯಲು ಯಾರಿಗೂ ಮನಸ್ಸಿಲ್ಲ.

"ಭಾಷಣ ಮಾಡೋರಿಗೆ ಅದು ಬೇಡದ ವಿಷಯ," ಎನ್ನುತ್ತಾರೆ ಅಕ್ಕ. "ಕೊನೇ ಬಸ್ ಹಿಡೀಬೇಕಾದವರಿಗೆ ಅದೇ ಮೊದಲನೇ ವಿಷಯ."

ಇದನ್ನು ಅವರು ಕಲಿತದ್ದು ದೊಡ್ಡಾಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ. ಇಪ್ಪತ್ತೆರಡು ವರ್ಷ ಆ ಗಾಜಿನ ತೂತಿನ ಹಿಂದೆ ಕೂತಿದ್ದರು. ಜನ ಬರುತ್ತಿದ್ದರು, ಕೇಳುತ್ತಿದ್ದರು, ಹೋಗುತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿ ಬಂದು ಇನ್ನೊಂದು ಮಾತು ಕೇಳುತ್ತಿದ್ದರು. ಹಿಂದಿರುಗಿ ಬಂದು ಕೇಳುವ ಆ ಇನ್ನೊಂದು ಮಾತಿಗೇ ಅವರು ನಿಜವಾಗಿ ಬಂದಿರುತ್ತಾರೆ ಎಂಬುದು ಅಕ್ಕನಿಗೆ ಅಲ್ಲಿ ಹೊಳೆಯಿತು. ಆಮೇಲೆ ಆಸ್ಪತ್ರೆಯವರು ಆ ಜಾಗಕ್ಕೆ ಗುಂಡಿ ಒತ್ತುವ ಯಂತ್ರ ತಂದಿಟ್ಟರು. ಕಿಟಕಿ ಮುಚ್ಚಿತು. ಗ್ರಂಥಾಲಯದವರು ಕರೆದು ಕ್ಯಾಲೆಂಡರು ಕೈಗಿತ್ತರು.

ವಾರಕ್ಕೆ ನಲವತ್ತರಷ್ಟು ಕಾರ್ಯಕ್ರಮ ಬರುತ್ತವೆ. ಮುಕ್ಕಾಲು ಪಾಲು ಬರುವುದು ಬಣ್ಣಬಣ್ಣದ ಭಿತ್ತಿಪತ್ರದ ರೂಪದಲ್ಲಿ. ಹೂವಿನ ಅಂಚು, ಓರೆ ಅಕ್ಷರ, ಮೂಲೆಯಲ್ಲಿ ಇರುವೆಯಷ್ಟು ದಿನಾಂಕ. ಕಣ್ಣಿದ್ದವರೇ ಕನ್ನಡಕ ಹುಡುಕಬೇಕು. ಕಣ್ಣಿಲ್ಲದವರಿಗೆ ಅಕ್ಷರ ಓದಿ ಹೇಳುವ ಫೋನು ಅಂಥದ್ದು ಬಂದರೆ "ಚಿತ್ರ" ಎಂದಷ್ಟೇ ಉಸುರಿ ಬಾಯಿ ಮುಚ್ಚುತ್ತದೆ. ಅಕ್ಕ ಆ ಚಿತ್ರದೊಳಗಿಂದ ಒಂದೊಂದೇ ಸಂಗತಿಯನ್ನು ಕಾಳು ಆರಿಸಿದಂತೆ ಆರಿಸಿ, ಚಿಕ್ಕ ಚಿಕ್ಕ ವಾಕ್ಯ ಮಾಡಿ ಬರೆಯುತ್ತಾರೆ. ಮೊದಲು ದಿನ, ಆಮೇಲೆ ಹೊತ್ತು, ಆಮೇಲೆ ಜಾಗ. ಅವಸರದಲ್ಲಿರುವವರಿಗೆ ಮೇಲಿನ ಮೂರು ಸಾಲು ಸಾಕು. ಉಳಿದವರಿಗೆ ಅದರ ಕೆಳಗೆ "ಬರುವ ದಾರಿ" ಎಂದು ಇರುತ್ತದೆ. ಮೆಟ್ಟಿಲು, ಬೆಂಚು, ಶೌಚಾಲಯ, ಸದ್ದು ಜೋರಾಗಿರುತ್ತದೋ ಇಲ್ಲವೋ, ಎಲ್ಲವೂ ಅಲ್ಲಿ.

ಈ ಬರುವ ದಾರಿಯ ಹಿಂದೆ ಒಬ್ಬರಿದ್ದಾರೆ. ಅಕ್ಕನ ಸೋದರಮಾವ. ಮದುವೆಯಾಗದೆ ಉಳಿದವರು, ಅಕ್ಕನ ಮನೆಯಲ್ಲೇ ಇರುವವರು. ಒಂದು ಕಾಲಕ್ಕೆ ಲಾರಿ ಓಡಿಸುತ್ತಿದ್ದರು. ಎಂಥ ಊರಿಗೆ ಹೋದರೂ ಯಾರ ಬಳಿಯೂ ದಾರಿ ಕೇಳಿದವರಲ್ಲ ಎಂಬ ಖ್ಯಾತಿ ಅವರದು. ಕೇಳಿದರೆ ಲಾರಿಗೆ ಅವಮಾನ ಎನ್ನುತ್ತಿದ್ದರಂತೆ. ಮೂರು ವರ್ಷದ ಹಿಂದೆ ಕಣ್ಣು ಮಂಜಾಗುತ್ತ ಮಂಜಾಗುತ್ತ ಪೂರ್ತಿ ಹೋಯಿತು. ಫೋನಿಗೆ ಮಾತು ಕಲಿಸಿಕೊಂಡರು, ಕೈಗೆ ಬಿಳಿಯ ಕೋಲು ಬಂತು. ಲಾರಿಯ ಕಾಲದ ದಪ್ಪ ಬೂಟುಗಳನ್ನು ಮಾತ್ರ ಬಿಡಲಿಲ್ಲ.

ಅಕ್ಕ ಕ್ಯಾಲೆಂಡರಿನ ಕೆಲಸಕ್ಕೆ ಸೇರಿದ ಹೊಸತು. ಹಳೆಯ ಸಭಾಂಗಣದಲ್ಲಿ ಒಂದು ಭಾನುವಾರ ಹಾಡುಗಾರಿಕೆ ಇತ್ತು. ಮಾವನನ್ನು ನೆನೆದುಕೊಂಡೇ ಅಕ್ಕ ದಾರಿಯನ್ನು ಕಾಲಾರೆ ನಡೆದು ಬರೆದರು. ಬಸ್ ಇಳಿದು ನೇರ ಬನ್ನಿ, ಬ್ರೆಡ್ ಬೇಯುವ ವಾಸನೆ ಬಂದ ಕೂಡಲೇ ಎಡಕ್ಕೆ ತಿರುಗಿ. ಬರೆದಾಗ ತಮಗೇ ಖುಷಿಯಾಗಿತ್ತು. ಅವರು ನಡೆದು ನೋಡಿದ್ದು ಗುರುವಾರ. ಭಾನುವಾರ ಬೇಕರಿಯವನು ಒಲೆ ಹಚ್ಚುವುದಿಲ್ಲ.

ಮಾವ ಮೂಗು ಮುಂದೆ ಮಾಡಿಕೊಂಡು ನಡೆದರು. ವಾಸನೆ ಬರಲಿಲ್ಲ. ಇನ್ನೂ ಮುಂದೆ ಇರಬೇಕೆಂದು ನಡೆದರು. ನಡೆದು ನಡೆದು ಬಸ್ ಡಿಪೋ ಮುಟ್ಟಿದರು. ಅಲ್ಲಿ ಅವರಂತೆಯೇ ಕೋಲು ಹಿಡಿದ ಇನ್ನಿಬ್ಬರು, ಅದೇ ಬರಹ ಕೇಳಿಸಿಕೊಂಡು ಬಂದವರು, "ಹಾಡು ಇಲ್ಲೇನಾ ಸ್ವಾಮಿ?" ಎಂದು ಒಬ್ಬರನ್ನೊಬ್ಬರು ಕೇಳುತ್ತ ನಿಂತಿದ್ದರು. ಬಸ್ ತೊಳೆಯುವ ಪೈಪಿನ ನೀರು ಮೂವರ ಮೇಲೂ ಹಾರಿತು.

"ಮನೆಗೆ ಬಂದು ಅದನ್ನ ಹೇಳಿ ನಮ್ಮನ್ನೆಲ್ಲ ಬಿದ್ದು ಬಿದ್ದು ನಗಿಸಿದ್ರು," ಎಂದು ಅಕ್ಕ ನೆನೆಯುತ್ತಾರೆ. "ಬೂಟು ಒರೆಸಿ ಬಾಗಿಲ ಪಕ್ಕದ ಹಲಗೆ ಮೇಲಿಟ್ರು. ಆಮೇಲೆ ಅದನ್ನ ಮುಟ್ಟಲೇ ಇಲ್ಲ. ಎಲ್ಲಿಗಾದ್ರೂ ಹೋಗ್ಬೇಕಂದ್ರೆ ಚಪ್ಪಲಿ ಹಾಕ್ಕೊಂಡು ನನ್ನ ಕೈ ಹಿಡ್ಕೊಂಡು ಬರ್ತಿದ್ರು. ಆ ಬೂಟು ನೋಡಿದಾಗೆಲ್ಲ ನನಗೆ ಆ ಬೇಕರಿ ನೆನಪಾಗೋದು."

ಅಂದಿನಿಂದ ಅಕ್ಕನದೊಂದು ಪದ್ಧತಿ. ಹೊಸ ಜಾಗದ ಕಾರ್ಯಕ್ರಮವಾದರೆ ಒಂದು ವಾರ ಮೊದಲು, ವಾರದ ಅದೇ ದಿನ, ಅದೇ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲುತ್ತಾರೆ. ಮಂಗಳವಾರ ಸಂಜೆಯ ನಾಟಕಕ್ಕೆ ಹಿಂದಿನ ಮಂಗಳವಾರ ಸಂಜೆ. ಬೆಳಗಿನ ನಡಿಗೆಗೆ ಬೆಳಗಿನ ಜಾವ. ಆ ದಿನ ಆ ಹೊತ್ತಿಗೆ ಏನು ತೆರೆದಿರುತ್ತದೆ, ಏನು ಮುಚ್ಚಿರುತ್ತದೆ, ಏನು ಸದ್ದು ಮಾಡುತ್ತದೆ ಎಂದು ನೋಡುತ್ತಾರೆ. ಶುರುವಿನಲ್ಲಿ ಕಣ್ಣು ಮುಚ್ಚಿಕೊಂಡೂ ನಡೆದು ನೋಡುತ್ತಿದ್ದರು. ಮಾವನೇ ನಿಲ್ಲಿಸಿದರು. "ಕಣ್ಣು ಮುಚ್ಚಿ ನಡೆದ್ರೆ ನಿನಗೆ ಗೊತ್ತಾಗೋದು ಭಯ ಕಣೆ, ದಾರಿ ಅಲ್ಲ. ಕಣ್ಣು ತೆಗೆದೇ ನೋಡು. ಬಂದು ನನಗೆ ಹೇಳು. ನಾನು ಕೇಳ್ತೀನಿ."

ಹಾಗೆ ಎರಡೂವರೆ ವರ್ಷ ಮಾವ ಮನೆಯಲ್ಲೇ ಕೂತು ಕೇಳಿದರು. ಗೋಡೆ ಯಾವ ಕೈಗೆ? ಕಾಲಿಗೆ ಏನು ಸಿಗುತ್ತದೆ? ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಊರಿನ ಎಲ್ಲ ಸಭಾಂಗಣಗಳ ದಾರಿಯೂ ಅವರ ತಲೆಯಲ್ಲಿತ್ತು. ಅವರು ಮಾತ್ರ ಯಾವುದಕ್ಕೂ ಹೋಗಲಿಲ್ಲ.

ಈ ಭಾನುವಾರ ಬೆಳಗಿನ ಜಾವ ಅಕ್ಕ ಉದ್ಯಾನದ ಮುಂದೆ ಸುತ್ತು ಹಾಕಲು ಕಾರಣ ಹಕ್ಕಿ ಮೇಷ್ಟ್ರು. ನಿವೃತ್ತರಾದ ಮೇಲೆ ಹಕ್ಕಿಗಳ ಹಿಂದೆ ಬಿದ್ದವರು. ಮುಂದಿನ ಭಾನುವಾರ ಕೆರೆಯ ಸುತ್ತ ಊರವರನ್ನು ನಡೆಸುತ್ತೇನೆ ಎಂದು ಬರೆದು ಕಳಿಸಿದ್ದರು. ಬರೆದದ್ದು ಎರಡೇ ಸಾಲು: ಪ್ರಕೃತಿಯ ಮಡಿಲಲ್ಲಿ ಒಂದು ಮುಂಜಾವು, ಎಲ್ಲರಿಗೂ ಸ್ವಾಗತ. ಅಕ್ಕ ಫೋನು ಮಾಡಿದ್ದರು.

"ಎಲ್ಲರಿಗೂ ಅಂದ್ರೆ ಕಣ್ಣು ಕಾಣದವರಿಗೂನಾ ಮೇಷ್ಟ್ರೇ?"

"ಹಕ್ಕಿ ನೋಡೋಕೆ ಬರೋದಲ್ವೇನಮ್ಮಾ?" ಎಂದ ಮೇಷ್ಟ್ರು ಅಲ್ಲಿಗೇ ತಡೆದು ಯೋಚಿಸಿದರು. "ಇರಿ ಇರಿ. ಐದೂವರೆಗೆ ಕತ್ತಲೆ. ಮೊದಲ ಅರ್ಧ ಗಂಟೆ ನನಗೂ ಏನೂ ಕಾಣಲ್ಲ. ಸುಮ್ಮನೆ ನಿಂತು ಕೇಳೋದೇ. ನಿಜ ಹೇಳ್ಬೇಕಂದ್ರೆ ಆ ಅರ್ಧ ಗಂಟೆಗೇ ನಾನು ಹೋಗೋದು."

"ಅದನ್ನೇ ಬರೀಲಾ?"

"ಬರೀಬಹುದಾ ಹಾಗೆಲ್ಲ?"

ಬರೆದರು. ಉದ್ಯಾನದಿಂದ ನೇರ ಗ್ರಂಥಾಲಯಕ್ಕೆ ಹೋಗಿ ಭಾನುವಾರದ ರಜೆಯಲ್ಲೇ ಬರೆದರು. "ಭಾನುವಾರ ಬೆಳಗ್ಗೆ ಐದೂವರೆಗೆ ಶುರು, ಏಳೂವರೆಗೆ ಮುಗಿಯುತ್ತದೆ. ಕೆರೆ ಉದ್ಯಾನದಲ್ಲಿ ಹಕ್ಕಿಗಳ ನಡಿಗೆ. ದುಡ್ಡು ಕೊಡಬೇಕಿಲ್ಲ. ಮೊದಲ ಅರ್ಧ ಗಂಟೆ ಕತ್ತಲಿರುತ್ತದೆ. ಆಗ ಹಕ್ಕಿಗಳನ್ನು ಯಾರೂ ನೋಡುವುದಿಲ್ಲ, ಎಲ್ಲರೂ ಕೇಳುತ್ತಾರೆ. ಬರುವ ದಾರಿ: ಬಸ್ ಇಳಿದು ಬಸ್ ಹೋಗುವ ದಿಕ್ಕಿಗೇ ನಡೆಯಿರಿ. ಎಡಗೈಗೆ ಗೋಡೆ ಸಿಗುತ್ತದೆ. ಗೋಡೆ ಮುಗಿದು ಕಬ್ಬಿಣದ ಬೇಲಿ ಶುರುವಾಗುವಲ್ಲಿ ಮೇಲೆ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿರುತ್ತದೆ. ಬೇಲಿ ಮುಗಿದಲ್ಲಿ ಚಿಕ್ಕ ಗೇಟು. ಅದು ತೆರೆದಿರುತ್ತದೆ."

ಆ ಕೊನೆಯ ಮಾತಿಗಾಗಿ ಕಾವಲುಗಾರನಿಂದ ಎರಡು ಸಲ ಒಪ್ಪಿಗೆ ಪಡೆದಿದ್ದರು.

ಮಾವನಿಗೆ ಈ ಸಲ ಅಕ್ಕ ಓದಿ ಹೇಳಲಿಲ್ಲ. ಮಾವನೇ ಪಕ್ಕದ ಕೋಣೆಯಲ್ಲಿ ಫೋನಿನ ಬಾಯಿಂದ ಕೇಳಿಸಿಕೊಂಡರು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಟ್ರಾನ್ಸ್‌ಫಾರ್ಮರ್‌ಗೆ ಭಾನುವಾರ ರಜೆ ಇಲ್ಲ ತಾನೇ?"

"ಇಲ್ಲ ಮಾವ."

"ಕರೆಂಟು ಹೋದ್ರೆ?"

"ಬೇಲಿ ಇರತ್ತಲ್ಲ, ಕೈಗೆ."

ಮಾವ ತಲೆಯಾಡಿಸಿದರು. "ನಾನು ಹೋಗ್ತೀನಿ. ಒಬ್ಬನೇ."

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಾನೂ ಬರುತ್ತೇನೆ ಎನ್ನುವ ಮೊದಲೇ ಮಾವ ಕೈ ಅಡ್ಡ ಹಿಡಿದರು. "ನೀನು ಬರಬಾರದು. ಮನೇಲಿ ಇನ್ನೇನೂ ಹೇಳಲೂಬಾರದು. ಊರಿಗೆಲ್ಲ ಏನು ಹೇಳ್ತೀಯೋ ನನಗೂ ಅಷ್ಟೇ ಹೇಳು. ಮನೆಯವನು ಅಂತ ಒಂದು ಸಾಲು ಹೆಚ್ಚು ಬೇಡ. ಬರೆದದ್ದು ಸರಿಯಿದ್ರೆ ನಿನ್ನ ಕೈ ಯಾಕೆ ಬೇಕು ನನಗೆ?"

ಆ ವಾರ ಆ ಮನೆಯಲ್ಲಿ ನಡೆದದ್ದು ವಿಚಿತ್ರ. ಒಂದೇ ಸೂರಿನಡಿ ಇರುವ ಇಬ್ಬರು ಕ್ಯಾಲೆಂಡರಿನ ಮೂಲಕ ಮಾತಾಡಿಕೊಂಡರು. ಶುಕ್ರವಾರ ಕಾವಲುಗಾರ ಫೋನು ಮಾಡಿ, "ಅಕ್ಕಾ, ಗೇಟಿನ ಹತ್ರ ಯಾರೋ ಮರಳು ಸುರಿದು ಹೋಗಿದ್ದಾರೆ, ನೀವು ನನ್ನನ್ನ ಬೈತೀರಿ ಅಂತ ಮೊದಲೇ ಹೇಳ್ತಿದ್ದೀನಿ," ಎಂದ. ಅಕ್ಕ ಹೋಗಿ ನೋಡಿ ಬಂದು ಒಂದು ಸಾಲು ಸೇರಿಸಿದರು: ಬೇಲಿಯ ಕೊನೆಯಲ್ಲಿ ಮರಳು ರಾಶಿ ಇದೆ, ಬೇಲಿಯಿಂದ ಕೈ ಬಿಡದೆ ಬನ್ನಿ. ರಾತ್ರಿ ಊಟಕ್ಕೆ ಕೂತಾಗ ಮಾವ ದೂರದೂರಿನ ಸುದ್ದಿಯಂತೆ ಹೇಳಿದರು, "ಕೆರೆ ಹತ್ರ ಮರಳು ಬಿದ್ದಿದೆಯಂತೆ."

"ಹೌದಾ ಮಾವ?" ಎಂದರು ಅಕ್ಕ, ಏನೂ ಗೊತ್ತಿಲ್ಲದವರಂತೆ.

ಅಕ್ಕನ ಗಂಡ ಇಬ್ಬರ ಮುಖವನ್ನೂ ನೋಡಿ, "ನಾಳೆಯಿಂದ ಸಾರಿಗೆ ಉಪ್ಪು ಕಡಿಮೆಯಾದ್ರೂ ಕ್ಯಾಲೆಂಡರಲ್ಲೇ ಹಾಕ್ಬಿಡಿ," ಎಂದರು.

ಭಾನುವಾರ ಬಂತು. ಮಾವ ಎಲ್ಲರಿಗಿಂತ ಮೊದಲೇ ಎದ್ದಿದ್ದರು. ಹಲಗೆಯ ಮೇಲಿಂದ ಬೂಟು ಇಳಿಸಿ ಧೂಳು ಊದಿದರು. ಲೇಸು ಕಟ್ಟಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಸಹಾಯಕ್ಕೆ ಬಗ್ಗಿದ ಅಕ್ಕನ ತಲೆಯನ್ನು ಕೈಯಿಂದ ಹಿಂದಕ್ಕೆ ತಳ್ಳಿದರು.

"ದಾರೀಲಿ ಏನಾದ್ರೂ ತಪ್ಪಾದ್ರೆ ಫೋನ್ ಮಾಡ್ತೀನಿ. ಫೋನ್ ಬರಲಿಲ್ಲ ಅಂದ್ರೆ ನಿನ್ನ ಬರಹ ಸರಿಯಿದೆ ಅಂತ ತಿಳ್ಕೋ."

ಬೂಟಿನ ಸದ್ದು, ಕೋಲಿನ ಸದ್ದು ಬೀದಿಯ ತುದಿಗೆ ಹೋಗಿ ಕರಗಿತು. ಗಂಡ ಕೇಳಿದರು, "ಹಿಂದೆ ಹೋಗಲ್ವಾ? ದೂರದಿಂದ ನೋಡಿದ್ರೆ ಅವರಿಗೇನು ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲ," ಎಂದು ಅಕ್ಕ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತರು.

ಆರು ಗಂಟೆಗೆ ಅದು ಬಡಿದುಕೊಂಡಿತು. ಅಕ್ಕ ತಟ್ಟನೆ ಎತ್ತಿಕೊಂಡರು. ಕಾವಲುಗಾರ. "ಅಕ್ಕಾ, ಗೇಟು ತೆಗೆದಿದ್ದೀನಿ, ಬೈಬೇಡಿ. ಹತ್ತು ಹದಿನೈದು ಜನ ಬಂದ್ರು. ಒಬ್ಬರು ಕೋಲು ಹಿಡ್ಕೊಂಡು ಬಂದ್ರು, ಬೂಟು ಹಾಕ್ಕೊಂಡು. ಕೈ ಹಿಡಿಯೋಕೆ ಹೋದೆ. ಗೇಟು ತಾನೇ, ಗೊತ್ತಿದೆ ಬಿಡಪ್ಪಾ ಅಂದ್ರು. ಒಂದು ವಿಚಿತ್ರ ಅಕ್ಕಾ, ಇವತ್ತು ಯಾರೂ ನನ್ನನ್ನ ದಾರಿ ಕೇಳಲಿಲ್ಲ."

ಅಕ್ಕ ಫೋನಿಟ್ಟು ಶಾಲಿನ ಚುಂಗಿನಿಂದ ಮುಖ ಒರೆಸಿಕೊಂಡರು. ಒಲೆಯ ಮೇಲೆ ಚಹಾ ಇಟ್ಟರು. ಏಳೂವರೆಗೆ ಮುಗಿಯುತ್ತದೆ, ಎಂಟಕ್ಕೆ ಮಾವ ಮನೆಯಲ್ಲಿರಬೇಕು. ಎಂಟಾಯಿತು. ಒಂಬತ್ತಾಯಿತು. ಫೋನು ಬರಲಿಲ್ಲ. ಬರದಿದ್ದರೆ ಎಲ್ಲ ಸರಿಯಿದೆ ಎಂದು ಲೆಕ್ಕ, ಆದರೆ ಸರಿಯಿದ್ದ ಮೇಲೆ ಮನುಷ್ಯ ಎಲ್ಲಿ? ತಾವೇ ಮಾಡೋಣವೆಂದು ಎರಡು ಸಲ ಫೋನು ಎತ್ತಿ ಎರಡು ಸಲವೂ ಇಟ್ಟರು. ಗಂಡ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದರು, ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬೂಟಿನ ಸದ್ದು.

ಮಾವ ಬಂದು ಕುರ್ಚಿಯ ಮೇಲೆ ಕೂತು ಕಾಲು ಚಾಚಿದರು. "ಬರೋ ದಾರಿ ಕೂದಲಷ್ಟೂ ತಪ್ಪಿರಲಿಲ್ಲ ಕಣೆ. ಗೋಡೆ, ಬೇಲಿ, ಗುಂಯ್ ಅನ್ನೋದು, ಮರಳು, ಎಲ್ಲ ಇದ್ದಲ್ಲೇ ಇತ್ತು."

"ಮತ್ತೆ ಇಷ್ಟು ಹೊತ್ತು?"

"ವಾಪಸ್ ಹೋಗೋ ದಾರಿ ಎಲ್ಲಿ ಬರೆದಿದ್ದೀಯ?"

ಅದನ್ನು ಅಕ್ಕ ಬರೆದೇ ಇರಲಿಲ್ಲ. ಮನೆಗೆ ಮರಳುವ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಗೆ. ಮಾವ ಇಳಿದಲ್ಲೇ ಹೋಗಿ ನಿಂತಿದ್ದರು. ಬಂದ ಬಸ್ಸು ಹತ್ತಿದ್ದರು. ಅದು ಅವರನ್ನು ಊರಿನ ಆ ತುದಿಗೆ, ಡಿಪೋಗೆ ತಂದು ಇಳಿಸಿತ್ತು. ಅದೇ ಡಿಪೋ.

"ನೀರು ಹಾರಿಸಿದ್ರಾ ಮತ್ತೆ?" ಎಂದು ಗಂಡ ಮೆಲ್ಲನೆ ಕೇಳಿದರು.

"ಈ ಸಲ ಚಹಾ ಕೊಟ್ರು. ಡ್ರೈವರ್‌ಗಳೆಲ್ಲ ಕೂತಿದ್ರು. ನಾನೂ ಲಾರಿ ಓಡಿಸ್ತಿದ್ದೆ ಅಂದೆ. ಅಲ್ಲಿಗೆ ಮುಗೀತು, ಬಿಡಲೇ ಇಲ್ಲ. ಆಮೇಲೆ ನಮ್ಮ ಕಡೆ ಬಸ್ ಯಾವುದಪ್ಪಾ ಅಂತ ಕೇಳ್ದೆ." ಮಾವ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. "ಹ್ಞೂಂ, ಕೇಳ್ದೆ. ಏನೂ ಆಗಲಿಲ್ಲ."

"ಒಂದು ಫೋನ್ ಮಾಡ್ಬಾರದಿತ್ತಾ ಮಾವ? ಜೀವ ಬಾಯಿಗೆ ಬಂದಿತ್ತು."

"ಬರೆದದ್ದರಲ್ಲಿ ತಪ್ಪಿದ್ರೆ ಮಾಡ್ತೀನಿ ಅಂದಿದ್ದೆ. ಬರೀದೇ ಇರೋದ್ರಲ್ಲಿ ತಪ್ಪು ಎಲ್ಲಿಂದ ಹುಡುಕಲಿ?"

ಹಕ್ಕಿಗಳ ವಿಷಯ ಮಾವ ಹೇಳಿದ್ದು ಮಧ್ಯಾಹ್ನ, ಊಟ ಮುಗಿದ ಮೇಲೆ. ಕತ್ತಲಲ್ಲಿ ಯಾರೂ ಮಾತಾಡಲಿಲ್ಲವಂತೆ. ಒಂದು ಹಕ್ಕಿ ಕೂಗಿತು, ಕೆರೆಯ ಆಚೆಯಿಂದ ಇನ್ನೊಂದು ಓಗೊಟ್ಟಿತು. ಪಕ್ಕದಲ್ಲಿದ್ದವರು ಯಾರೋ ಪಿಸುಗುಟ್ಟಿದರಂತೆ, ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಾಗ್ತಿಲ್ಲವಲ್ಲ ಎಂದು. ಮಾವ ಅವರ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದರಂತೆ, ಇಲ್ಲಿಂದ ಎಂದು.

ಸೋಮವಾರ ಅಕ್ಕ ಕೋಣೆಯ ಬೀಗ ತೆಗೆದು ಕೂತವರು ಬರೆಯಲು ಬಾಕಿಯಿದ್ದ ಹೊಸದನ್ನೆಲ್ಲ ಬದಿಗಿಟ್ಟರು. ಮುಂದಿನ ದಿನಗಳ ಒಂದೊಂದು ಕಾರ್ಯಕ್ರಮವನ್ನೂ ತೆಗೆದು, "ಬರುವ ದಾರಿ"ಯ ಕೆಳಗೆ "ಹಿಂದಿರುಗುವ ದಾರಿ" ಎಂದು ಸೇರಿಸತೊಡಗಿದರು. ಬೇಲಿ ಈಗ ಬಲಗೈಗೆ. ಬಸ್ಸು ಆಚೆ ಬದಿಗೆ. ರಸ್ತೆ ದಾಟುವುದು ಎಲ್ಲಿ. ಕೆಲವಕ್ಕೆ ಮತ್ತೆ ಹೋಗಿ ನಡೆದು ನೋಡಬೇಕಾಯಿತು. "ಆಸ್ಪತ್ರೆ ಕಿಟಕೀಲಿ ಕೂತಾಗ್ಲೂ ಒಳಗೆ ಹೋಗೋದನ್ನೇ ಹೇಳ್ತಿದ್ದೆ," ಎಂದರು, ಬೆರಳು ಕೀಲಿಗಳ ಮೇಲೆ ಓಡುತ್ತಿರುವಾಗಲೇ. "ಹೊರಗೆ ಬರೋದು ಹೇಗೆ ಅಂತ ಒಬ್ಬರಿಗೂ ಹೇಳಿದ ನೆನಪಿಲ್ಲ. ಅದೂ ಕೇಳೋ ಮಾತೇ ಅಲ್ವಾ?" ಈ ಕೆಲಸದಿಂದ ನಿಮಗೇನು ಬೇಕು ಎಂದು ಕೇಳಿದರೆ ಅವರು ಗದ್ದದಿಂದ ಫೋನಿನತ್ತ ತೋರಿಸಿದರು. "ಇದು ಸುಮ್ಮನಿರಬೇಕು. ಜನ ಹೊರಡಬೇಕು, ಇದು ಸುಮ್ಮನಿರಬೇಕು. ಅಷ್ಟೇ."

ಕೆಲಸ ಮುಗಿಯುವಾಗ ಬುಧವಾರವಾಗಿತ್ತು. ಸಂಜೆ ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುವಾಗ ಬಾಗಿಲ ಪಕ್ಕದ ಹಲಗೆ ಖಾಲಿಯಿತ್ತು.

"ಮಾವ ಎಲ್ಲಿ?"

"ಹೊರಟ್ರು," ಎಂದರು ಗಂಡ.

"ಎಲ್ಲಿಗೆ?"

"ಕೇಳ್ದೆ. ಕ್ಯಾಲೆಂಡರು ನಿಮ್ಮ ಮನೇಲೇ ಇದೆಯಲ್ಲ, ನೋಡ್ಕೊಳ್ಳಿ ಅಂದ್ರು."

ಅಕ್ಕ ನಿಂತಲ್ಲೇ ಫೋನು ತೆಗೆದರು. ಆ ಸಂಜೆ ಊರಿನಲ್ಲಿ ಮೂರು ಕಾರ್ಯಕ್ರಮಗಳಿದ್ದವು. ಒಂದು ಕಡೆ ಕೊಳಲು, ಒಂದು ಕಡೆ ಚದುರಂಗ, ಒಂದು ಕಡೆ ಹಳೆಯ ಎಂಜಿನ್ನುಗಳ ಬಗ್ಗೆ ಮಾತು. ಮೂರನ್ನೂ ತಾವೇ ಬರೆದದ್ದು. ಯಾರೋ ಬರೆದದ್ದೆಂಬಂತೆ ಒಂದೊಂದನ್ನೇ ಓದಿದರು. ಬಾಗಿಲು, ಮೆಟ್ಟಿಲು, ಬೆಂಚು, ಮುಗಿಯುವ ಹೊತ್ತು, ಹಿಂದಿರುಗುವ ದಾರಿ. ಮಾವ ಇವುಗಳಲ್ಲಿ ಯಾವುದಕ್ಕೆ ಹೋಗಿರಬಹುದು ಎಂದು ಊಹಿಸಲು ನೋಡಿದರು, ಆಗಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಚಹಾ ಕಾಯಿಸಲು ಒಳಗೆ ಹೋದರು.

ಮಾವ ಹೊರಟದ್ದು ಬುಧವಾರ, ದೀಪ ಹಚ್ಚುವುದಕ್ಕೆ ಸ್ವಲ್ಪ ಮುಂಚೆ, ಬೂಟು ಹಾಕಿಕೊಂಡು, ಒಬ್ಬರೇ.